ಕಾಫಿ ಡಬ್ಬಿಯ ಕೆಂಪು

ಜೆನೇಸಿಯು ಡಬ್ಬಿ ತಂದ.
ಮುಚ್ಚಳಕ್ಕೆ ತುಕ್ಕು, ಮೈಮೇಲೆ ಅರ್ಧ ಅಳಿಸಿದ ಕಾಫಿ ಬೀಜದ ಚಿತ್ರ,
ಒಳಗೆ ಒಣಗಿದ ನೆತ್ತರಿನಂಥ ಗಟ್ಟಿ.
ಮೇಜಿನ ಮೇಲಿಟ್ಟು ತೆರೆದದ್ದೇ ತಡ
ಏಸಿಯ ತಂಪಿನ ನನ್ನ ಕೋಣೆಯಲ್ಲಿ
ಕಾಂಡ್ಲಾ ಕಾಡಿನ ಕೆಸರು, ಉಪ್ಪು, ಎಲ್ಲಿಂದಲೋ ಸೋಂಪು.

‘ಹುಳ ಕೊರೆದ ಗಿಡ, ಡೊತೋರಾ,
ಒಳಗಿದ್ದದ್ದು ಹೊರಗೆ ಬರಲು ಬಾಗಿಲು ಮಾಡಿಕೊಳ್ಳುತ್ತೆ,
ಬಾಗಿಲಲ್ಲಿ ಕೆಂಪು ಒಸರುತ್ತೆ,
ಜೇನು ಬಂದು ಹಿಂಗಾಲಿಗೆ ಮೆತ್ತಿಕೊಂಡು ಹೋಗುತ್ತೆ.
ಒಬ್ಬರ ಗಾಯ, ಇನ್ನೊಬ್ಬರ ಗೋಡೆ.’
ಹೀಗೆಲ್ಲ ಮಾತಾಡುವ ಮನುಷ್ಯನಲ್ಲ;
ದೋಣಿಯಲ್ಲಿ ಬರುವಾಗ ಜೋಡಿಸಿಕೊಂಡಿರಬೇಕು.
ಹೆಂಡತಿ ಇವಾನೀಲ್ಡೆಗೆ ವಾರಕ್ಕೆ ಮೂರು ಸಲ
ಮಸೆಯೊ ಆಸ್ಪತ್ರೆಯಲ್ಲಿ ರಕ್ತ ತೊಳೆಯುತ್ತಾರೆ.
ಅದರ ಬಗ್ಗೆ ಏನೂ ಕೇಳಲಿಲ್ಲ. ಟೋಪಿಯನ್ನು ಮಾತ್ರ
ಬೋಲ್ಟು ಬಿಗಿ ಮಾಡುವವನಂತೆ ತಿರುಗಿಸುತ್ತಿದ್ದ.

ಸ್ಪಿರಿಟ್ಟಿನಲ್ಲಿ ಮೂರು ದಿನ ಕತ್ತಲಲ್ಲಿಟ್ಟೆ.
ಸೋಸಿದೆ, ಆವಿ ಹಿಡಿದೆ,
ಗಾಜಿನ ಕೊಳವೆಯ ಬಿಳಿಪುಡಿಯೊಳಗೆ ಹನಿಹನಿ ಇಳಿಸಿದೆ.
ಏಳನೇ ವಾರ ಒಂಟಿಯಾಗಿ ಸಿಕ್ಕಿತು
ಉಗುರಿನ ಅರ್ಧಚಂದ್ರದಷ್ಟು.
ಅಷ್ಟು ಕೆಂಪಿನೊಳಗೆ ಇಷ್ಟು ಬಿಳಿ!
ಹೆಸರು ವೆಸ್ಟಿಟಾಲ್.
ನಮ್ಮ ಭಾಷೆಯಲ್ಲಿ ವೆಸ್ತಿರ್ ಅಂದರೆ
ಉಡಿಸು.

ಪರೀಕ್ಷೆ ಸರಳ. ಸೀಸೆಯಲ್ಲಿ ನೇರಳೆ ದ್ರವ;
ಒಂದೊಂದು ಅಣುವೂ ಜೋಡಿ ಕಳಕೊಂಡ ಎಲೆಕ್ಟ್ರಾನು ಹೊತ್ತು
ಪಕ್ಕದ ಮನೆಗೆ ಕನ್ನ ಹಾಕಲು ನಿಂತದ್ದು.
ಕಳ್ಳನೇನಲ್ಲ, ಬಡವ, ಅಷ್ಟೆ.
ಹನಿ ಬಿತ್ತು.
ಯಾರೋ ತಮ್ಮದನ್ನು ಕೊಟ್ಟರು, ಕೊಟ್ಟೂ ಕಂಗೆಡಲಿಲ್ಲ.
ನೇರಳೆ ತೆಳುವಾಯಿತು, ಇನ್ನೂ ತೆಳುವಾಯಿತು,
ಅರ್ಧ ಗಂಟೆಗೆ ಒಣಹುಲ್ಲಿನ ಹಳದಿ.
ಹದಿನೇಳು ವರ್ಷದಿಂದ ನೋಡುತ್ತಿದ್ದೇನೆ,
ಈಗಲೂ ಗಡಿಯಾರ ಒತ್ತುವುದು ಮರೆಯುತ್ತೇನೆ.

ಆಮೇಲೆ ಇಲಿಗಳು. ಇಪ್ಪತ್ನಾಲ್ಕು.
ಮೂತ್ರಪಿಂಡ ಕೆಡಿಸಿದ್ದು ನಾವೇ, ಅದನ್ನೂ ಬರೆಯಬೇಕು.
ಅರ್ಧಕ್ಕೆ ಬರೀ ಎಣ್ಣೆ, ಅರ್ಧಕ್ಕೆ ಎಣ್ಣೆಯಲ್ಲಿ ಕದಡಿದ ಆ ಬಿಳಿ.
ಒಂಬತ್ತನೆಯದು ನನ್ನ ಕೈಗವುಸು ಮೂಸಿ
ಮೂಸಿ, ಅಂಗೈಯಲ್ಲೇ ನಿದ್ದೆ ಹೋಗುತ್ತಿತ್ತು.
ಅರವತ್ತನೇ ದಿನ ಎಲ್ಲವನ್ನೂ ತೂಗಿದೆವು.
ಕುಡಿದವುಗಳಲ್ಲಿ ಗಾಯ ಕಡಿಮೆ.
ಕಡಿಮೆ ಅಂದರೆ ಕಡಿಮೆ, ಇಲ್ಲ ಅಂತಲ್ಲ.
ಒಂಬತ್ತನೆಯದರ ಮೂತ್ರಪಿಂಡ
ಹುರುಳಿಕಾಳಿನ ಹಾಗೆ ಹೊಳೆಯುತ್ತಿತ್ತು
ಸ್ಟೀಲಿನ ಬಟ್ಟಲಲ್ಲಿ.

ಮಂಗ್ವಾಬಾ ಹಿನ್ನೀರು ದಾಟಿ ಅವನಲ್ಲಿಗೆ ಹೋದೆ, ಸುದ್ದಿ ಹೇಳಲು.
ಅವನೋ ಪೆಟ್ಟಿಗೆಯೊಂದರ ಮುಚ್ಚಳ ಎತ್ತಿ, ಹೊಗೆ ಊದಿ,
ಮೂಲೆ ತೋರಿಸಿದ.
ಮಳೆಗಾಲದಲ್ಲಿ ನುಗ್ಗಿದ ಇಲಿ.
ಚುಚ್ಚಿ ಕೊಂದಿವೆ,
ಎತ್ತಿ ಹಾಕಲು ಆಗಿಲ್ಲ.
ಎತ್ತಲಾರದ್ದನ್ನು ಬಾಲದ ತುದಿತನಕ ಕೆಂಪು ಉಡಿಸಿವೆ.
ಕೊಳೆತಿಲ್ಲ, ನಾತವಿಲ್ಲ,
ಮೀಸೆ ಕೂಡ ಲೆಕ್ಕ ಹಾಕಬಹುದು.
ಅದರ ಬೆನ್ನ ಮೇಲೇ ಜೇನುಗಳ ಓಡಾಟ,
ದಿನದ ಕೆಲಸ.

‘ಇವಾನೀಲ್ಡೆಗೆ ಕೊಡಲೇ?’

ಅಡ್ಡಗೋಡೆಯ ಮೇಲೆ ದೀಪ ಇಡುವುದು ನನ್ನ ಕಸುಬು:
ಆಶಾದಾಯಕ, ಆದರೆ; ಸಾಧ್ಯತೆಯಿದೆ, ಆದರೂ.
ಅವತ್ತು ದೀಪ ಕೆಳಗಿಳಿಸಿದೆ.
ಇಲಿಗೆ ಒಂದಿಷ್ಟು ನಿಜ, ಜೆನೇಸಿಯು.
ಮನುಷ್ಯರಿಗೆ ಎಷ್ಟು, ಯಾವಾಗ, ಕೆಟ್ಟ ಮೂತ್ರಪಿಂಡ ಅದನ್ನು ತಾಳುತ್ತದೋ,
ಗೊತ್ತಿಲ್ಲ. ಕೊಡಬೇಡ,
ಅವಳ ಡಾಕ್ಟರನ್ನು ಕೇಳದೆ ಒಂದು ಹನಿಯೂ.

ಅವನು ತುಂಬಾ ಹೊತ್ತು ಇಲಿಯನ್ನೇ ನೋಡಿದ.
‘ಇದನ್ನು ತೆಗೆಯಲ್ವಾ?’ ಅಂದೆ, ಏನಾದರೂ ಅನ್ನಬೇಕಿತ್ತು.
‘ಅವುಗಳ ಕೆಲಸ, ಮುಗಿಸಿದಾವೆ. ನಾನ್ಯಾಕೆ?’
ಮುಚ್ಚಳ ಇಟ್ಟ. ಅಂಟು ಅದನ್ನು ಮೆಲ್ಲಗೆ ಕಚ್ಚಿಕೊಂಡಿತು.
ಗುರುವಾರ, ರಕ್ತ ತೊಳೆಯುವ ದಿನ;
ದೋಣಿಗೆ ಹೊತ್ತಾಗಿತ್ತು.

ಊರಿಗೆ ಬಂದು ಸೋಪು ಹಾಕಿ ತಿಕ್ಕಿದೆ.
ಉಗುರಿನ ಸಂದಿಯ ಕೆಂಪು
ನಾಲ್ಕು ದಿನ ಹೋಗಲಿಲ್ಲ.
ಐದನೇ ದಿನ
ಹೊಸ ಇಲಿಗಳು ಬಂದವು.